ವೇಗ-ಕಾಲ ನಕ್ಷೆಯನ್ನು ಓದುವುದು ಹೇಗೆ? ಹಂತ ಹಂತವಾಗಿ

‘ಚಲನೆ’ ಪಾಠದ ಸೂತ್ರಗಳನ್ನು ಬಾಯಿಪಾಠ ಮಾಡಿದ ಮಕ್ಕಳೂ ವೇಗ-ಕಾಲ ನಕ್ಷೆ ಬಂದಾಗ ತಡವರಿಸುತ್ತಾರೆ. ನಿಜವಾಗಿ ಆ ಸೂತ್ರಗಳನ್ನು ಪಡೆಯುವುದೇ ಈ ನಕ್ಷೆಯಿಂದ. ಗೆರೆ ಎಷ್ಟು ಓರೆಯಾಗಿದೆ? ಗೆರೆಯ ಕೆಳಗೆ ಎಷ್ಟು ಜಾಗವಿದೆ? ಈ ಎರಡು ಪ್ರಶ್ನೆ ಕೇಳುವುದನ್ನು ರೂಢಿಸಿಕೊಂಡರೆ ನಕ್ಷೆ ತಾನಾಗಿಯೇ ಉತ್ತರ ಕೊಡುತ್ತದೆ. ಗ್ರಾಫ್ ಹಾಳೆ, ಪೆನ್ಸಿಲ್, ಸ್ಕೇಲ್ ತೆಗೆದುಕೊಂಡು ಕೂತುಕೊಳ್ಳಿ.

ಹಂತ 1: ಮೊದಲು ಅಕ್ಷಗಳನ್ನು ಓದಿ

ಗೆರೆಯ ಕಡೆ ಕಣ್ಣು ಹೋಗುವ ಮೊದಲೇ ಅಕ್ಷಗಳ ಹೆಸರು ನೋಡಿ. ಅಡ್ಡ ಅಕ್ಷದಲ್ಲಿ ಕಾಲ (ಸೆಕೆಂಡು), ಲಂಬ ಅಕ್ಷದಲ್ಲಿ ವೇಗ (ಮೀ/ಸೆ) ಇರಬೇಕು. ಲಂಬ ಅಕ್ಷದಲ್ಲಿ ದೂರ ಇದ್ದರೆ ಅದು ಬೇರೆಯದೇ ನಕ್ಷೆ. ದೂರ-ಕಾಲ ನಕ್ಷೆಯಲ್ಲಿ ಅಡ್ಡಗೆರೆ ಕಂಡರೆ ವಸ್ತು ನಿಂತಿದೆ ಎಂದು ಅರ್ಥ. ವೇಗ-ಕಾಲ ನಕ್ಷೆಯಲ್ಲಿ ಅದೇ ಅಡ್ಡಗೆರೆ ಸೊನ್ನೆಗಿಂತ ಮೇಲಿದ್ದರೆ ವಸ್ತು ಒಂದೇ ವೇಗದಲ್ಲಿ ಓಡುತ್ತಿದೆ. ಪರೀಕ್ಷೆಯಲ್ಲಿ ಅಂಕ ಕಳೆಯುವ ಗೊಂದಲ ಇದೇ.

ವೇಗ ಗಂಟೆಗೆ ಕಿಲೋಮೀಟರ್‌ಗಳಲ್ಲಿದ್ದರೆ 5/18ರಿಂದ ಗುಣಿಸಿ. ಗಂಟೆಗೆ 72 ಕಿ.ಮೀ. ಎಂದರೆ 20 ಮೀ/ಸೆ.

ಹಂತ 2: ಬಿಂದು ಗುರುತಿಸಿ, ಗೆರೆ ಎಳೆಯಿರಿ

ಮೆಟ್ರೊ ರೈಲೊಂದು ನಿಲ್ದಾಣದಿಂದ ಹೊರಟು ಮೊದಲ 20 ಸೆಕೆಂಡಿನಲ್ಲಿ ಒಂದೇ ಸಮನೆ ವೇಗ ಹೆಚ್ಚಿಸಿಕೊಂಡು 20 ಮೀ/ಸೆ ತಲುಪುತ್ತದೆ ಎಂದಿಟ್ಟುಕೊಳ್ಳಿ. 60ನೇ ಸೆಕೆಂಡಿನವರೆಗೆ ಅದೇ ವೇಗ. ಬಳಿಕ ಬ್ರೇಕ್ ಹಾಕಿ, 85ನೇ ಸೆಕೆಂಡಿಗೆ ಮುಂದಿನ ನಿಲ್ದಾಣದಲ್ಲಿ ನಿಲ್ಲುತ್ತದೆ.

(0, 0), (20, 20), (60, 20), (85, 0) ಬಿಂದುಗಳನ್ನು ಗುರುತಿಸಿ ಸ್ಕೇಲಿನಿಂದ ಸೇರಿಸಿ. ಏರುವ ಗೆರೆ, ಅಡ್ಡಗೆರೆ, ಇಳಿಯುವ ಗೆರೆ ಸೇರಿ ಒಂದು ತ್ರಾಪಿಜ್ಯವಾಗುತ್ತದೆ. ಇದು ಹಳಿಯ ಚಿತ್ರವಲ್ಲ. ಹಳಿ ಸಮತಟ್ಟಾಗಿದ್ದರೂ ನಕ್ಷೆಯ ಗೆರೆ ಏರಬಹುದು, ಇಳಿಯಬಹುದು.

ಹಂತ 3: ಇಳಿಜಾರು ನೋಡಿ, ವೇಗೋತ್ಕರ್ಷ ತಿಳಿಯಿರಿ

ವೇಗದಲ್ಲಾದ ಬದಲಾವಣೆಯನ್ನು ಅದಕ್ಕೆ ತಗುಲಿದ ಕಾಲದಿಂದ ಭಾಗಿಸಿ.

• ಏರುವ ಭಾಗ: 20 ÷ 20 = 1 ಮೀ/ಸೆ²
• ಅಡ್ಡ ಭಾಗ: 0 ÷ 40 = 0
• ಇಳಿಯುವ ಭಾಗ: −20 ÷ 25 = −0.8 ಮೀ/ಸೆ²

ಗೆರೆ ಇಳಿಯುತ್ತಿದೆ ಎಂದ ಮಾತ್ರಕ್ಕೆ ರೈಲು ಹಿಂದಕ್ಕೆ ಬರುತ್ತಿಲ್ಲ. ಅದು ಮುಂದಕ್ಕೇ ಹೋಗುತ್ತಿದೆ, ವೇಗ ಮಾತ್ರ ತಗ್ಗುತ್ತಿದೆ.

ಹಂತ 4: ವಿಸ್ತೀರ್ಣ ಅಳೆಯಿರಿ, ದೂರ ತಿಳಿಯಿರಿ

ಅಡ್ಡ ಭಾಗದ ಕೆಳಗೆ ಒಂದು ಆಯತವಿದೆ. ಅದರ ಎತ್ತರ ವೇಗ, ಅಗಲ ಕಾಲ. ವೇಗವನ್ನು ಕಾಲದಿಂದ ಗುಣಿಸಿದರೆ ಬರುವುದು ದೂರ. ಏಕಮಾನಗಳೂ ಅದನ್ನೇ ಹೇಳುತ್ತವೆ: ಮೀ/ಸೆ × ಸೆ = ಮೀ.

ಓರೆಗೆರೆಯ ಕೆಳಗಿರುವ ತ್ರಿಭುಜಕ್ಕೆ ‘ಅರ್ಧ’ ಏಕೆ? ವೇಗ ಒಂದೇ ಸಮನೆ 0ಯಿಂದ 20ಕ್ಕೆ ಏರಿದಾಗ ಸರಾಸರಿ ವೇಗ 10. ಅಷ್ಟೇ ಎತ್ತರದ ಆಯತದ ವಿಸ್ತೀರ್ಣವೂ ಈ ತ್ರಿಭುಜದ ವಿಸ್ತೀರ್ಣವೂ ಒಂದೇ. 14ನೇ ಶತಮಾನದಲ್ಲಿ ಆಕ್ಸ್‌ಫರ್ಡ್‌ನ ಮರ್ಟನ್ ಕಾಲೇಜಿನ ವಿದ್ವಾಂಸರು ಈ ನಿಯಮವನ್ನು ಹೇಳಿದ್ದರು. ಅದೇ ಶತಮಾನದಲ್ಲಿ ಫ್ರಾನ್ಸಿನ ನಿಕೋಲ್ ಒರೆಮ್ ಅದನ್ನು ಚಿತ್ರ ಬರೆದು ಸಾಧಿಸಿದ.

• ಮೊದಲ ತ್ರಿಭುಜ: ½ × 20 × 20 = 200 ಮೀ
• ಆಯತ: 40 × 20 = 800 ಮೀ
• ಕೊನೆಯ ತ್ರಿಭುಜ: ½ × 25 × 20 = 250 ಮೀ

ನಿಲ್ದಾಣಗಳ ನಡುವಿನ ದೂರ ಒಟ್ಟು 1,250 ಮೀಟರ್. ಇದನ್ನು 85 ಸೆಕೆಂಡಿನಿಂದ ಭಾಗಿಸಿದರೆ ಸರಾಸರಿ ವೇಗ ಸುಮಾರು 14.7 ಮೀ/ಸೆ.

ಹಂತ 5: ಗೆರೆ ಅಕ್ಷದ ಕೆಳಗಿಳಿದರೆ?

ಕಲ್ಲೊಂದನ್ನು 20 ಮೀ/ಸೆ ವೇಗದಲ್ಲಿ ನೇರ ಮೇಲಕ್ಕೆ ಎಸೆಯಿರಿ. ಗುರುತ್ವದ ವೇಗೋತ್ಕರ್ಷ 10 ಮೀ/ಸೆ² ಎಂದುಕೊಂಡು, ಗಾಳಿಯ ತಡೆಯನ್ನು ಬಿಟ್ಟುಬಿಡೋಣ. ಗೆರೆ +20ರಿಂದ ಹೊರಟು 2ನೇ ಸೆಕೆಂಡಿನಲ್ಲಿ ಅಕ್ಷವನ್ನು ದಾಟಿ 4ನೇ ಸೆಕೆಂಡಿನಲ್ಲಿ −20 ಮುಟ್ಟುತ್ತದೆ. ಅಕ್ಷ ದಾಟುವ ಕ್ಷಣವೇ ಕಲ್ಲು ತುದಿ ಮುಟ್ಟಿ ದಿಕ್ಕು ಬದಲಿಸುವ ಕ್ಷಣ.

ಮೇಲಿನ ತ್ರಿಭುಜ 20 ಮೀಟರ್, ಕೆಳಗಿನದೂ 20 ಮೀಟರ್. ಕೂಡಿಸಿದರೆ ಕ್ರಮಿಸಿದ ದೂರ 40 ಮೀಟರ್. ಮೇಲಿನದರಿಂದ ಕೆಳಗಿನದನ್ನು ಕಳೆದರೆ ಸ್ಥಾನಪಲ್ಲಟ 0, ಏಕೆಂದರೆ ಕಲ್ಲು ಹೊರಟಲ್ಲಿಗೇ ಬಂದಿದೆ. ಇನ್ನೊಂದನ್ನೂ ಗಮನಿಸಿ: ತುದಿಯಲ್ಲಿ ವೇಗ ಸೊನ್ನೆಯಾದರೂ ಗೆರೆಯ ಇಳಿಜಾರು ಬದಲಾಗಿಲ್ಲ. ಅಲ್ಲಿಯೂ ವೇಗೋತ್ಕರ್ಷ −10 ಮೀ/ಸೆ².

ಹಂತ 6: ರಸ್ತೆಯ ಮೇಲೆ ಪರೀಕ್ಷಿಸಿ

ಬೈಕ್ ಸವಾರನಿಗೆ ಅಡ್ಡ ಬಂದ ಹಸು ಕಂಡು ಬ್ರೇಕ್ ಹಿಡಿಯಲು 1 ಸೆಕೆಂಡು ಬೇಕು, ಬ್ರೇಕ್ ಹಿಡಿದ ಮೇಲೆ ವೇಗ ಪ್ರತಿ ಸೆಕೆಂಡಿಗೆ 5 ಮೀ/ಸೆಯಷ್ಟು ತಗ್ಗುತ್ತದೆ ಎಂದುಕೊಳ್ಳಿ. ಮೊದಲು ಒಂದು ಆಯತ, ಆಮೇಲೆ ಒಂದು ತ್ರಿಭುಜ.

• 10 ಮೀ/ಸೆ: 10 + 10 = 20 ಮೀ
• 20 ಮೀ/ಸೆ: 20 + 40 = 60 ಮೀ

ವೇಗ ಎರಡು ಪಟ್ಟಾದಾಗ ತ್ರಿಭುಜದ ಅಗಲವೂ ಎತ್ತರವೂ ಎರಡು ಪಟ್ಟಾದವು. ಹಾಗಾಗಿ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ನಾಲ್ಕು ಪಟ್ಟಾಯಿತು. ಅತಿವೇಗ ಏಕೆ ಜೀವ ತೆಗೆಯುತ್ತದೆ ಎಂಬುದು ಈ ತ್ರಿಭುಜದಲ್ಲೇ ಇದೆ. ಗಾಡಿ ಹತ್ತುವ ವಯಸ್ಸಿಗೆ ಬರುವ ಮೊದಲೇ ಪ್ರತಿ ವಿದ್ಯಾರ್ಥಿಯೂ ಇದನ್ನು ಕೈಯಾರೆ ಬರೆದು ನೋಡಬೇಕು.

ಈಗ 30 ಮೀ/ಸೆ ವೇಗಕ್ಕೆ, ಅಂದರೆ ಗಂಟೆಗೆ 108 ಕಿ.ಮೀ.ಗೆ, ನೀವೇ ನಕ್ಷೆ ಎಳೆಯಿರಿ. ಆಯತ 30 ಮೀಟರ್, ತ್ರಿಭುಜ 90 ಮೀಟರ್, ಒಟ್ಟು 120 ಮೀಟರ್ ಬಂದರೆ ವೇಗ-ಕಾಲ ನಕ್ಷೆ ನಿಮಗೆ ಕರಗತವಾಗಿದೆ.