ಲಾಲ್‌ಬಾಗಿನ ಗಾಜಿನ ಮನೆಯೂ ಹೊಸ ಬಿತ್ತನೆಯ ಪರೀಕ್ಷೆಯೂ

ಬೆಂಗಳೂರಿಗೆ ಹೋದ ರೈತರಲ್ಲಿ ಲಾಲ್‌ಬಾಗಿನ ಗಾಜಿನ ಮನೆಯನ್ನು ನೋಡದೆ ಹಿಂದಿರುಗುವವರು ವಿರಳ. ಅದರ ಅಂದವನ್ನು ಹೊಗಳುವವರು ಬಹುಮಂದಿ. ಅದು ಯಾವ ಕೆಲಸಕ್ಕಾಗಿ ನಿಂತಿತೆಂದು ವಿಚಾರಿಸುವವರು ಕೆಲವರೇ. ಈ ವಿಚಾರವು ಮಲ್ಲಿಪಟ್ಟಣದ ಸುತ್ತಿನ ಹೊಲಗಳಿಗೂ ಸಂಬಂಧಪಟ್ಟುದಾದುದರಿಂದ ಇಲ್ಲಿ ಸಂಗ್ರಹವಾಗಿ ತಿಳಿಸಲಾಗಿದೆ.

ಪೂರ್ವ ಚರಿತ್ರೆ.— ಹೈದರಾಲಿಯು 1760ರಲ್ಲಿ ಆರಂಭಿಸಿ, ಟಿಪ್ಪು ಸುಲ್ತಾನನು ಬೆಳೆಸಿದ ಈ ತೋಟವು 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. 1889ನೆಯ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರನು ಗಾಜಿನ ಮನೆಗೆ ಅಸ್ತಿಭಾರವನ್ನು ಹಾಕಿದನು. ಆಗ ತೋಟದ ಮೇಲ್ವಿಚಾರಣೆಯು ಜಾನ್ ಕ್ಯಾಮರನ್ ಎಂಬವರದಾಗಿತ್ತು. ಲಂಡನ್ನಿನಲ್ಲಿ 1851ರ ಮಹಾಪ್ರದರ್ಶನಕ್ಕೆಂದು ಕಟ್ಟಲ್ಪಟ್ಟ ಸ್ಫಟಿಕ ಭವನವೇ ಇದಕ್ಕೆ ಮಾದರಿ. ಆ ಭವನವು 1936ರಲ್ಲಿ ಬೆಂಕಿಗೆ ಆಹುತಿಯಾಯಿತು, ಬೆಂಗಳೂರಿನದು ಉಳಿದಿದೆ. ಮೊದಲ ಎರಕದ ಕಬ್ಬಿಣವು ಗ್ಲಾಸ್ಗೋ ನಗರದಿಂದ ಬಂದಿತು. 1935ರಲ್ಲಿ ಪೂರ್ವದ ಭಾಗವನ್ನು ವಿಸ್ತರಿಸಿದಾಗ ಭದ್ರಾವತಿಯ ಕಬ್ಬಿಣವೇ ಸಾಕಾಯಿತು.

ಉದ್ದೇಶ.— ಶೀತದೇಶಗಳಲ್ಲಿ ಗಾಜಿನ ಮನೆಯು ಗಿಡಗಳನ್ನು ಚಳಿಯಿಂದ ಕಾಯುವುದು. ಬಿಸಿಲು ಗಾಜಿನ ಮೂಲಕ ಒಳಹೊಕ್ಕು ನೆಲವನ್ನು ಕಾಯಿಸುವುದು. ಕಾದ ಗಾಳಿಯು ಹೊರಕ್ಕೆ ಹೋಗಲಾರದೆ ಒಳಗೇ ನಿಲ್ಲುವುದು. ಬೆಂಗಳೂರಿನ ಹವೆಗೆ ಅಷ್ಟು ಕಾವಲು ಬೇಡ. ಇಲ್ಲಿ ಈ ಮನೆಯು ಮುಖ್ಯವಾಗಿ ಫಲಪುಷ್ಪ ಪ್ರದರ್ಶನಗಳಿಗೆ ಒದಗಿತು. ಈಗಲೂ ಜನವರಿ, ಆಗಸ್ಟ್ ತಿಂಗಳುಗಳಲ್ಲಿ ಅವು ನಡೆಯುತ್ತವೆ. ಆದರೆ ಪ್ರದರ್ಶನಕ್ಕೆ ಮೊದಲು ಪರೀಕ್ಷೆಯುಂಟು. ಪರದೇಶದ ಸಸ್ಯಗಳನ್ನು ಮಡಿಗಳಲ್ಲಿ ನೆಟ್ಟು, ಈ ನೆಲಕ್ಕೂ ಹವೆಗೂ ಒಗ್ಗುವುವೇ ಎಂಬುದನ್ನು ನೋಡಿದ ತರುವಾಯವೇ ಅವನ್ನು ರೈತರಿಗೆ ಹಂಚುವುದು ತೋಟದ ಪದ್ಧತಿಯಾಗಿತ್ತು. ಕ್ಯಾಮರನ್ನರ ಕಾಲದಲ್ಲಿ ಹೀಗೆ ಬಂದ ಸೀಮೆಬದನೆಯನ್ನು ತಮಿಳರು ಇಂದಿಗೂ ಬೆಂಗಳೂರು ಬದನೆಯೆಂದೇ ಕರೆಯುತ್ತಾರೆ.

ಪರೀಕ್ಷೆಯಿಲ್ಲದ ಕೇಡು.— ಹೊಸ ಬಿತ್ತನೆಯೊಡನೆ ಹೊಸ ರೋಗವೂ ಬರಬಹುದು. ಆಲೂಗಡ್ಡೆಯ ಅಂಗಮಾರಿಯು ಅಮೆರಿಕ ಖಂಡದಿಂದ ಗಡ್ಡೆಗಳೊಡನೆ ಯೂರೋಪನ್ನು ಸೇರಿ, 1845ರಿಂದ ಐರ್ಲೆಂಡಿನ ಬೆಳೆಯನ್ನು ಕೊಳೆಯಿಸಿತು. ಆ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನರು ಮಡಿದರು. ಹಾಸನ ಸೀಮೆಯ ಮುಂಗಾರಿನ ಆಲೂಗಡ್ಡೆಗೆ ಬಿತ್ತನೆಯು ಬಹುಪಾಲು ಪಂಜಾಬಿನಿಂದ ಬರುತ್ತದೆ. ಖರ್ಚಿನಲ್ಲಿ ದೊಡ್ಡ ಪಾಲು ಈ ಬಿತ್ತನೆಯದೇ. ಸಾಲ ಮಾಡಿ ತಂದ ಗಡ್ಡೆಯನ್ನು ಹೊಲದ ತುಂಬ ಹಾಕಿದವನಿಗೆ, ಕೆಲವು ದಿನಗಳ ಮೋಡ ತುಂತುರುಗಳಲ್ಲಿ ಎಲೆಯೆಲ್ಲ ಕಪ್ಪಾದರೆ, ಮುಂದಿನ ವರ್ಷದ ದಾರಿಯೇ ಕಾಣದು.

ಅನುಸರಿಸತಕ್ಕ ಕ್ರಮ.—

1. ಎಷ್ಟೇ ಹೊಗಳಲ್ಪಟ್ಟ ತಳಿಯಾದರೂ ಮೊದಲ ವರ್ಷ ಎರಡು ಗುಂಟೆಗೆ ಮೀರಿ ಹಾಕಬಾರದು. ಪಕ್ಕದಲ್ಲೇ ಹಳೆಯ ತಳಿಯನ್ನೂ ಅಷ್ಟೇ ಜಾಗದಲ್ಲಿ, ಅದೇ ದಿನ, ಅದೇ ಗೊಬ್ಬರದಿಂದ ಬೆಳೆಯಬೇಕು.

2. ಕೊಳ್ಳುವ ಮುನ್ನ ಹಲವು ಚೀಲಗಳಿಂದ ಕೆಲವು ಗಡ್ಡೆಗಳನ್ನು ಕೊಯ್ದು ನೋಡಬೇಕು. ಒಳಗೆ ಕಂದು ಬಣ್ಣದ ಬಳೆಯಂತಹ ಗುರುತಿದ್ದು, ಹಿಸುಕಿದರೆ ಹಾಲಿನಂತಹ ರಸ ಒಸರಿದರೆ ಅದು ಸೊರಗು ರೋಗದ ಲಕ್ಷಣ. ಆ ಸರಕನ್ನು ಬಿಡತಕ್ಕದ್ದು.

3. ಮೋಡ ಮುಸುಕಿದ ತಂಪು ದಿನಗಳಲ್ಲಿ ಪ್ರತಿದಿನವೂ ಎಲೆಗಳನ್ನು ಮಗುಚಿ ನೋಡಬೇಕು. ಅಂಚಿನಲ್ಲಿ ನೀರು ತಾಗಿದಂತಹ ಕಪ್ಪು ಮಚ್ಚೆ, ಅಡಿಯಲ್ಲಿ ಬಿಳಿಯ ಬೂಷ್ಟು ಕಂಡರೆ ಅಂಗಮಾರಿಯೆಂದರಿಯಬೇಕು. ಔಷಧದ ಸಿಂಪಡಣೆಯು ರೋಗ ಹರಡುವ ಮುನ್ನವೇ ಫಲಕಾರಿ.

4. ಬಿತ್ತಿದ ದಿನ, ಮಳೆ, ರೋಗ, ಇಳುವರಿಯ ತೂಕ ಇವನ್ನು ಪುಸ್ತಕದಲ್ಲಿ ಬರೆದಿಡಬೇಕು. ಎರಡು ಮುಂಗಾರುಗಳಲ್ಲಿ ಹಳೆಯದನ್ನು ಮೀರಿದ ತಳಿಯನ್ನು ಮಾತ್ರ ವಿಸ್ತರಿಸತಕ್ಕದ್ದು.

ಎರಡು ಗುಂಟೆ ಕೆಟ್ಟರೆ ದೊಡ್ಡ ಹಿಡುವಳಿದಾರರು ತಾಳಿಕೊಳ್ಳಬಲ್ಲರು. ಒಂದೇ ಎಕರೆಯಿರುವ ಬಡ ರೈತನು ತಾಳಲಾರನು. ಊರಿನಲ್ಲಿ ಯಜಮಾನರು ಬಿತ್ತಿದುದನ್ನು ನೋಡಿಯೇ ಉಳಿದವರು ಬಿತ್ತುವರು. ಆದುದರಿಂದ ಮುಖಂಡರೂ ಜಮೀನುದಾರರೂ ತಮ್ಮ ಹೊಲದ ಒಂದು ಮೂಲೆಯನ್ನು ಊರಿನ ಪರೀಕ್ಷೆಯ ಮಡಿಯಾಗಿ ಮೀಸಲಿಟ್ಟು, ಫಲ ಬಂದುದನ್ನೂ ಬಾರದುದನ್ನೂ ಮರೆಮಾಚದೆ ಎಲ್ಲರಿಗೂ ತೋರಿಸುವುದು ಯುಕ್ತವಾಗಿದೆ. ಇದಕ್ಕೆ ಗಾಜೂ ಬೇಡ, ಕಬ್ಬಿಣವೂ ಬೇಡ.