ಹೊಳೆ ಬರುವ ಮೊದಲು ದನ ಬಿಚ್ಚಿ

ಅಂಗಳದಲ್ಲಿ ಒಂದು ಹನಿ ಬಿದ್ದಿಲ್ಲ. ಆದರೂ ಬೆಳಗಾಗುವಷ್ಟರಲ್ಲಿ ಕಬ್ಬಿನೊಳಗೆ ನೀರು ನಿಂತಿದೆ. ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ನದಿ ದಂಡೆಯವರಿಗೆ ಇದು ಹೊಸದಲ್ಲ. ಕೃಷ್ಣೆ ಉಕ್ಕುವುದು ಹೆಚ್ಚಾಗಿ ಮಹಾಬಳೇಶ್ವರ, ಕೊಯ್ನಾ ಕಡೆಯ ಮಳೆಗೆ. 2019ರ ಮಹಾಪೂರ ಬಂದದ್ದು ಆಗಸ್ಟ್‌ನಲ್ಲಿ, 2021ರದ್ದು ಜುಲೈನಲ್ಲಿ. ಹಾಗೆಂದು ಪುಷ್ಯ ಮಳೆ ಹಿಡಿದಾಗ ನೋಡಿಕೊಂಡರಾಯಿತು ಎಂದು ಕೂರುವಂತಿಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತ್ತು. ರೋಹಿಣಿ ಮಳೆಯ ಹೊತ್ತಿಗೆ ಕೆಳಗಿನ ಕೆಲಸಗಳು ಮುಗಿದಿರಲಿ.

ಗೆರೆ ಎಳೆಯಿರಿ

ಹಿಂದಿನ ಸಲ ನೀರು ಎಲ್ಲಿವರೆಗೆ ನಿಂತಿತ್ತು? ಗುಡಿಯ ಕಂಬದ ಮೇಲೋ ಮನೆಯ ಗೋಡೆಯ ಮೇಲೋ ಕೆಸರಿನ ಗುರುತು ಇದ್ದೀತು. ಅಳಿಸಿದ್ದರೆ ಹಿರಿಯರನ್ನು ಕೇಳಿ, ಬಣ್ಣದಿಂದ ಗೆರೆ ಎಳೆಯಿರಿ. ಬಿತ್ತನೆ ಬೀಜ, ಕಾಳುಕಡಿ ಆ ಗೆರೆಯ ಮೇಲಿರಬೇಕು. ಪಹಣಿ, ಪಡಿತರ ಚೀಟಿ, ಆಧಾರ್, ಪಾಸ್‌ಬುಕ್ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ, ಅವುಗಳ ಫೋಟೊ ಮೊಬೈಲಿನಲ್ಲಿರಲಿ. ಊರಿಂದ ಹೊರಬೀಳುವ ದಾರಿಯನ್ನೂ ಈಗಲೇ ಗೊತ್ತು ಮಾಡಿಕೊಳ್ಳಿ. ಕಲ್ಲೋಳ–ಯಡೂರಿನಂಥ ತಗ್ಗು ಸೇತುವೆಗಳು ಮನೆಗಿಂತ ಮೊದಲು ಮುಳುಗುತ್ತವೆ.

ಕ್ಯೂಸೆಕ್ ಲೆಕ್ಕ

ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬರುತ್ತಿದೆ ಎಂಬುದು ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಬರುತ್ತದೆ. 1 ಲಕ್ಷ ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಸುಮಾರು 8.6 ಟಿಎಂಸಿ ನೀರು. ದೂಧಗಂಗೆ ಕೃಷ್ಣೆಯನ್ನು ಸೇರುವುದು ರಾಜಾಪುರದ ಕೆಳಗೆ, ಕಲ್ಲೋಳದ ಹತ್ತಿರ. ಹಾಗಾಗಿ ಕಲ್ಲೋಳದಿಂದ ಕೆಳಗಿನವರು ಎರಡನ್ನೂ ಕೂಡಿಸಿಕೊಳ್ಳಬೇಕು. ಅಂಕಿ ದೊಡ್ಡದೋ ಸಣ್ಣದೋ ಎನ್ನುವುದಕ್ಕಿಂತ ನಿನ್ನೆಗಿಂತ ಎಷ್ಟು ಏರಿತು ಎನ್ನುವುದೇ ಮುಖ್ಯ. ದಂಡೆಗೆ ಗೇಣು ಗೇಣಿಗೆ ಗುರುತು ಹಾಕಿದ ಗೂಟ ನೆಟ್ಟು ದೂರದಿಂದ ನೋಡುತ್ತಿರಿ. ಏರುವ ವೇಗ ಹೆಚ್ಚಿತೆಂದರೆ ಡಂಗುರಕ್ಕೆ ಕಾಯಬೇಡಿ. ಪಂಪ್‌ಸೆಟ್ಟು, ಸ್ಟಾರ್ಟರ್ ಆಗಲೇ ಮೇಲೆ ಬಂದಿರಬೇಕು.

ಮೊದಲು ದನ, ಆಮೇಲೆ ಜನ

ಕೇಳಲು ತಿರುಗುಮುರುಗು ಅನಿಸಬಹುದು. ಆದರೆ ತೋಟದ ಮನೆಯಲ್ಲಿ ಕೊನೆಯ ಗಳಿಗೆವರೆಗೆ ಉಳಿಯುವವರು ಬಹುಪಾಲು ದನ ಬಿಟ್ಟು ಬರಲಾರದೆ ಉಳಿದವರು. ದನ ಮೊದಲು ಎತ್ತರ ಸೇರಿದರೆ ಜನ ತಾವಾಗಿಯೇ ಹೊರಡುತ್ತಾರೆ. ಅದಕ್ಕೆ ಎತ್ತರದ ಊರಿನ ಬೀಗರೊಂದಿಗೋ ಗೆಳೆಯರೊಂದಿಗೋ ಬೇಸಿಗೆಯಲ್ಲೇ ಮಾತಾಡಿ, ಒಂದಿಷ್ಟು ಕಣಕಿ, ಹೊಟ್ಟು ಅಲ್ಲಿಗೆ ಸಾಗಿಸಿಡಿ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆಯನ್ನು ಮಳೆಗೆ ಮುಂಚೆಯೇ ಹಾಕಿಸಿ.

ಸಾಗಿಸಲು ಹೊತ್ತೇ ಸಿಗದಿದ್ದರೆ ಕಣ್ಣಿ ಬಿಚ್ಚಿಬಿಡಿ. ಕಟ್ಟಿದ ಎಮ್ಮೆ ಗೂಟದಲ್ಲೇ ಮುಳುಗುತ್ತದೆ, ಬಿಚ್ಚಿದ್ದು ಈಜಿ ದಡ ಸೇರೀತು. ನೀರು ಕುಡಿದು ಬಿಗಿದ ಹಗ್ಗದ ಗಂಟು ಕತ್ತಲಲ್ಲಿ ಬೆರಳಿಗೆ ಬಗ್ಗುವುದಿಲ್ಲ. ಕೊಟ್ಟಿಗೆಯ ಮಾಡದಲ್ಲಿ, ಕೈಗೆ ಸಿಗುವಂತೆ, ಒಂದು ಕುಡಗೋಲು ಇರಲಿ.

ಹೊರಡುವಾಗ

ಮೇನ್ ಸ್ವಿಚ್, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಬಸುರಿ, ಬಾಣಂತಿ, ವಯಸ್ಸಾದವರು ಹಗಲಿನಲ್ಲೇ ಹೊರಡಲಿ. ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ಬೈಕು, ಟ್ರ್ಯಾಕ್ಟರ್ ಯಾವುದನ್ನೂ ಇಳಿಸಬೇಡಿ. ಮೊಣಕಾಲು ಮಟ್ಟದ ಸೆಳವು ಗಟ್ಟಿಗನನ್ನೂ ಕೆಡವುತ್ತದೆ. ಸಿಕ್ಕಿಬಿದ್ದರೆ 112ಕ್ಕೆ ಅಥವಾ ಜಿಲ್ಲಾ ಸಹಾಯವಾಣಿ 1077ಕ್ಕೆ ಫೋನ್ ಮಾಡಿ.

ಮರಳಿದ ಮೇಲೆ

ಕಸ ಬಳಿಯುವ ಮೊದಲು ಫೋಟೊ ತೆಗೆಯಿರಿ. ಎಲ್ಲರೂ ಮೊದಲು ಪೊರಕೆ ಹಿಡಿಯುತ್ತಾರೆ, ಸಮೀಕ್ಷೆಯವರು ಬಂದಾಗ ತೋರಿಸಲು ಏನೂ ಉಳಿದಿರುವುದಿಲ್ಲ. ಬೆಳೆ ವಿಮೆ ಮಾಡಿಸಿದವರು 72 ಗಂಟೆಯೊಳಗೆ ಹಾನಿ ತಿಳಿಸಿ. ಬಾವಿ ನೀರನ್ನು ಹಾಗೇ ಕುಡಿಯಬೇಡಿ. 1,000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಕಲಸಿ ಒಂದು ತಾಸು ಬಿಡಿ, ತೀರಾ ರಾಡಿಯಿದ್ದರೆ ತಿಳಿಯಾದ ಮೇಲೆ ಹಾಕಿ. ಕುಡಿಯುವುದನ್ನು ಕುದಿಸಿ. ಮೂಲೆಯ ಸಾಮಾನು ಸರಿಸುವಾಗ ಕೈ ಹಾಕದೆ ಕೋಲು ಬಳಸಿ, ಹಾವು ಸೇರಿರುತ್ತದೆ. ಕಚ್ಚಿದರೆ ಮಂತ್ರ, ನಾಟಿ ಔಷಧ ಎಂದು ಹೊತ್ತು ಕಳೆಯದೆ ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಮಣ್ಣಿನ ಗೋಡೆಯ ಮನೆಯಾದರೆ ನೀರು ಇಳಿದ ದಿನವೇ ಒಳಗೆ ಮಲಗಬೇಡಿ. ಬುಡ ನೆನೆದ ಗೋಡೆ ಬಿಸಿಲು ಬಿದ್ದ ಮೇಲೂ ಕುಸಿಯುತ್ತದೆ.