ಸುಂದರಿಯ ಹಿಮ್ಮಡಿಯೂ ಆನೆಯ ಪಾದವೂ

ದೂರದರ್ಶನದ ಜಾಹೀರಾತಿನಲ್ಲಿ ಎತ್ತರ ಹಿಮ್ಮಡಿಯ ಪಾದರಕ್ಷೆ ಮೆಟ್ಟಿ ನಡೆದುಬರುವ ಸುಂದರಿಯನ್ನು ಕಂಡು, “ಹೂವಿನಷ್ಟು ಹಗುರ!” ಎಂದು ರಾಯಚೂರಿನ ಗೆಳೆಯರೊಡನೆ ನಾವೂ ನಗೆಯಾಡಿದ್ದುಂಟು. ಲೆಕ್ಕ ಹಾಕಿ ನೋಡೋಣ.

ಬಲವನ್ನು ಅದು ಬೀಳುವ ಕ್ಷೇತ್ರಫಲದಿಂದ ಭಾಗಿಸಿದರೆ ದೊರೆಯುವುದೇ ಒತ್ತಡ. ಆಕೆಯ ತೂಕ 50 ಕಿಲೋಗ್ರಾಂ, ಹಿಮ್ಮಡಿಯ ತುದಿ 1 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಇಡೀ ಭಾರವು ಆ ತುದಿಯ ಮೇಲೆಯೇ ಬಿದ್ದ ಕ್ಷಣದಲ್ಲಿ, ಚದರ ಸೆಂಟಿಮೀಟರಿಗೆ 50 ಕಿಲೋಗ್ರಾಂ ಭಾರ! 4,000 ಕಿಲೋಗ್ರಾಂ ತೂಗುವ ಆನೆಯ ಒಂದೊಂದು ಪಾದವೂ 1,000 ಚದರ ಸೆಂಟಿಮೀಟರ್ ಇದ್ದರೆ, ನಾಲ್ಕೂ ಕಾಲೂರಿ ನಿಂತಾಗ ಅದರ ಒತ್ತಡ ಕೇವಲ 1.

ದೇವದುರ್ಗದ ನೆನೆದ ಎರೆನೆಲದಲ್ಲಿ ಆ ಹಿಮ್ಮಡಿ ಹೂತುಹೋದೀತು. ಮಾನ್ವಿಯ ಗದ್ದೆಯಲ್ಲಿ ಅಷ್ಟೇ ತೂಕದ ಹೆಣ್ಣುಮಗಳು ನಾಟಿಗೆ ಊರುವ ಬರಿಪಾದ 100 ಚದರ ಸೆಂಟಿಮೀಟರ್ ಇದ್ದರೆ, ಒಂಟಿಕಾಲಿನಲ್ಲಿಯೂ ಒತ್ತಡ ಅರ್ಧ ಮಾತ್ರ. ನೆಲವು ರೂಪವನ್ನು ನೋಡದು, ಭಾರ ಹಂಚಿದ ಬಗೆಯನ್ನಷ್ಟೇ ಅರಿಯುವುದು. ಹೂವಿನಷ್ಟು ಹಗುರವೆಂಬ ಮಾತು ಸಲ್ಲಬೇಕಾದುದು ಆ ಬರಿಗಾಲಿಗೆ.